ನಾಲ್ಕು ಬೆಟ್ಟಗಳ ನಡುವಣ ಮಾತು

ಮಗು ಹುಟ್ಟಿದ ಮೇಲೆ ಮೊತ್ತಮೊದಲ ಸಲ ಗಟ್ಟಿಯಾಗಿ ನಕ್ಕ ದಿನವನ್ನು ಹಬ್ಬವಾಗಿ ಆಚರಿಸುವ ಜನ ಎಲ್ಲಿಯಾದರೂ ಉಂಟೆ? ಉಂಟು. ಅಮೆರಿಕಾ ಸಂಯುಕ್ತ ಸಂಸ್ಥಾನದ ನೈಋತ್ಯ ಭಾಗದಲ್ಲಿ, ಕೆಂಪು ಕಲ್ಲಿನ ಬಯಲುಗಳಲ್ಲಿ ನೆಲೆಸಿರುವ ನವಾಹೋ ಜನರಲ್ಲಿ ಈ ಪದ್ಧತಿಯಿದೆ. ಮನೆಯ ಕೂಸಿಗೆ ಕೆಲವು ತಿಂಗಳು ತುಂಬಿತೆಂದರೆ ಅದನ್ನು ಮೊದಲು ನಗಿಸುವವರು ಯಾರಾಗುವರೋ ಎಂದು ಎಲ್ಲರಿಗೂ ಕುತೂಹಲ. ನಗಿಸಿದವರಿಗೆ ಕೀರ್ತಿಯೊಡನೆ ಖರ್ಚೂ ಕಟ್ಟಿಟ್ಟದ್ದೇ. ಬಂಧುಗಳಿಗೆ ಔತಣವಿಡುವ ಹೊಣೆ ಅವರದು. ನಂಟರಿಷ್ಟರು ಸೇರಿದ ಮೇಲೆ, ಹಿರಿಯರೊಬ್ಬರು ಮಗುವಿನ ಪುಟ್ಟ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು, ಬಂದವರೊಬ್ಬೊಬ್ಬರಿಗೂ ಒಂದೊಂದು ಹರಳುಪ್ಪನ್ನೂ ತಿನಿಸನ್ನೂ ಕೊಡಿಸುವರು. ಔತಣದ ಯಜಮಾನಿಕೆ ಆ ಕೂಸಿನದೇ. ಅಲ್ಲಿಯವರೆಗೆ ಅದು ದೇವತೆಗಳ ನಡುವೆ ಇದ್ದುದು. ನಕ್ಕಿತೆಂದರೆ ಮನುಷ್ಯರೊಡನೆ ಇರಲು ಒಪ್ಪಿಕೊಂಡಿತೆಂದು ಅರ್ಥ. ಹಾಗೆ ಒಪ್ಪಿದವನು ಮೊದಲು ಕಲಿಯಬೇಕಾದುದು ಕೊಡುವುದನ್ನು. ಜಿಪುಣತನ ಬಾರದಿರಲಿ ಎಂದು ಬಾಯಿಂದ ಉಪದೇಶ ಮಾಡುವ ಬದಲು, ಅರಿಯದ ಬೆರಳುಗಳಿಂದಲೇ ದಾನ ಮಾಡಿಸುವ ಈ ಉಪಾಯ ಎಷ್ಟು ಸೊಗಸಾದುದು!

ನವಾಹೋ ಎಂಬುದು ಸ್ಪೇನಿನವರು ಬಳಕೆಗೆ ತಂದ ಹೆಸರು. ಅವರು ತಮ್ಮನ್ನು ‘ದಿನೆ’ ಎಂದು ಕರೆದುಕೊಳ್ಳುವರು. ನಮ್ಮ ದಿನಕ್ಕೂ ಈ ಪದಕ್ಕೂ ನಂಟೇನಿಲ್ಲ. ‘ಜನ’ ಎಂದಷ್ಟೇ ಅದರ ಅರ್ಥ. ಅರಿಜೋನಾ, ನ್ಯೂ ಮೆಕ್ಸಿಕೋ, ಯೂಟಾ ಎಂಬ ಮೂರು ಸಂಸ್ಥಾನಗಳ ಮೇಲೆ ಹರಡಿರುವ ಅವರ ನಾಡಿನ ವಿಸ್ತಾರ ಸುಮಾರು 27,000 ಚದರ ಮೈಲಿ. 2021ರ ವೇಳೆಗೆ ಅವರ ಪಟ್ಟಿಯಲ್ಲಿ ಹೆಸರು ಬರೆಸಿಕೊಂಡವರ ಸಂಖ್ಯೆ ನಾಲ್ಕು ಲಕ್ಷದ ಹತ್ತಿರ ಮುಟ್ಟಿತ್ತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉದ್ಯೋಗ ವಿದ್ಯಾಭ್ಯಾಸಗಳ ಕಾರಣದಿಂದ ನಾಡಿನ ಹೊರಗೆ ಇರುವವರು. ಬಂಡೆಯ ನಡುವೆ ಗಾಳಿ ಕೊರೆದ ದೊಡ್ಡ ಕಿಂಡಿಯುಳ್ಳ ‘ವಿಂಡೋ ರಾಕ್’ ಎಂಬ ಊರು ಅವರ ರಾಜಧಾನಿ. ಅಲ್ಲಿ ಅವರದೇ ಶಾಸನಸಭೆ, ಅವರದೇ ಅಧ್ಯಕ್ಷ, ಅವರದೇ ನ್ಯಾಯಾಲಯ.

ಆದರೆ ಈ ಮೈಲಿಗಳ ಲೆಕ್ಕ ಸರಕಾರದ ಭೂಪಟದ್ದು. ದಿನೆ ಜನರ ಮನಸ್ಸಿನ ಭೂಪಟವೇ ಬೇರೆ. ಅದಕ್ಕೆ ನಾಲ್ಕು ಬೆಟ್ಟಗಳೇ ಎಲ್ಲೆ. ಮೂಡಲಲ್ಲಿ ಬಿಳಿಯ ಚಿಪ್ಪಿನ ಬೆಟ್ಟ, ತೆಂಕಲಲ್ಲಿ ನೀಲಿ ವೈಡೂರ್ಯದ ಬೆಟ್ಟ, ಪಡುವಲಲ್ಲಿ ಹಳದಿ ಚಿಪ್ಪಿನದು, ಬಡಗಲಲ್ಲಿ ಕರಿಯ ಕಲ್ಲಿನದು. ಬೆಳಗು, ಹಗಲು, ಸಂಜೆ, ಇರುಳು ಎಂಬ ನಾಲ್ಕು ಹೊತ್ತುಗಳೂ ಇವೇ ದಿಕ್ಕುಗಳಿಗೆ ಸೇರಿದವು. ‘ಹೋಗನ್’ ಎಂಬ ಅವರ ಸಾಂಪ್ರದಾಯಿಕ ಮನೆಯ ಬಾಗಿಲು ಮೂಡಣಕ್ಕೇ ತೆರೆದಿರಬೇಕು. ಮನೆಯೆಂದರೆ ಈ ಜಗತ್ತಿನ ಚಿಕ್ಕ ಪ್ರತಿ. ಜಗತ್ತೆಂದರೆ ಆ ಬೆಟ್ಟಗಳನ್ನೇ ಕಂಬಗಳಾಗಿ ನಿಲ್ಲಿಸಿ ಕಟ್ಟಿದ ದೊಡ್ಡ ಮನೆ.

ಆ ದೊಡ್ಡ ಮನೆಯನ್ನು ಕಟ್ಟಿದ್ದು ಯಾವುದರಿಂದ? ಇಲ್ಲಿಯೇ ಈ ಜನರ ಚಿಂತನೆಯ ತಿರುಳಿದೆ. ಕೆಳಗಿನ ಲೋಕಗಳನ್ನು ಒಂದೊಂದಾಗಿ ದಾಟಿ ಮೇಲಕ್ಕೆ ಬಂದ ಆದಿಪುರುಷ, ಆದಿಸ್ತ್ರೀ ಮೊದಲಾದವರು ಒಂದೆಡೆ ಕುಳಿತು, ಜಗತ್ತು ಹೇಗಿರಬೇಕೆಂದು ಮೊದಲು ಆಲೋಚಿಸಿದರಂತೆ, ಆಲೋಚಿಸಿದ್ದನ್ನು ನುಡಿದರಂತೆ, ನುಡಿದದ್ದನ್ನು ಹಾಡಿದರಂತೆ. ಹಾಡಿದ್ದು ಹಾಗೆಯೇ ಆಯಿತು. ಹೀಗಾಗಿ ಅವರ ಪಾಲಿಗೆ ಮಾತು ಜಗತ್ತನ್ನು ಬಣ್ಣಿಸುವ ಸಾಧನವಲ್ಲ, ಜಗತ್ತನ್ನು ಮಾಡುವ ಸಾಧನ. ನಮ್ಮ ಮನೆಗಳಲ್ಲಿ ಯಾರಾದರೂ ಅಶುಭ ನುಡಿದರೆ ಅಜ್ಜಿಯರು ಥಟ್ಟನೆ ‘ಬಿಡ್ತು ಅನ್ನು’ ಎನ್ನುವರಷ್ಟೆ? ಆ ಒಂದು ಭಾವವನ್ನು ಹಿಡಿದು ಒಂದು ಸಮಗ್ರ ದರ್ಶನವನ್ನೇ ಬೆಳೆಸಿದವರು ಈ ದಿನೆಗಳು ಎನ್ನಬಹುದು.

ಆ ದರ್ಶನದ ಕೇಂದ್ರಪದ ‘ಹೋಝೋ’. ಇದನ್ನು ಸೌಂದರ್ಯ ಎಂದರೆ ಸಾಲದು, ಸಾಮರಸ್ಯ ಎಂದರೂ ಸಾಲದು. ಆರೋಗ್ಯ, ಒಳಿತು, ಎಲ್ಲವೂ ತಮ್ಮ ತಮ್ಮ ಎಡೆಯಲ್ಲಿರುವ ಚೆಲುವು—ಇವೆಲ್ಲ ಅದರಲ್ಲಿ ಅಡಗಿವೆ. ರೋಗವೆಂದರೆ ಮನುಷ್ಯ ಈ ಸ್ಥಿತಿಯಿಂದ ಜಾರಿದ್ದಾನೆಂದು ಅರ್ಥ. ಚಿಕಿತ್ಸೆಯೆಂದರೆ ಅವನನ್ನು ಮರಳಿ ಅಲ್ಲಿಗೆ ಹಾಡಿ ಕರೆತರುವುದು. ಆದುದರಿಂದಲೇ ಅವರ ವೈದ್ಯನ ಹೆಸರು ‘ಹತಾಲಿ’, ಅಂದರೆ ಹಾಡುವವನು. ಒಂದೊಂದು ವ್ಯಾಧಿಗೆ ಒಂದೊಂದು ಹಾಡಿನ ಮಾಲೆ. ಕೆಲವು ಒಂಬತ್ತು ರಾತ್ರಿ ನಡೆಯತಕ್ಕವು. ಪದ ತಪ್ಪುವಂತಿಲ್ಲ, ಕ್ರಮ ತಪ್ಪುವಂತಿಲ್ಲ, ಎಲ್ಲವೂ ಕಂಠಸ್ಥ. ಒಂದು ಮಾಲೆಯನ್ನು ಕಲಿಯಲು ಶಿಷ್ಯನು ಗುರುವಿನ ಬಳಿ ವರ್ಷಗಟ್ಟಲೆ ಇರಬೇಕಾಗುವುದು. ಹಾಡಿನೊಡನೆ ನೆಲದ ಮೇಲೆ ಬಣ್ಣದ ಮರಳಿನಿಂದ ದೇವತೆಗಳ ಚಿತ್ರವನ್ನು ಬಿಡಿಸಿ, ರೋಗಿಯನ್ನು ಅದರ ಮೇಲೆಯೇ ಕೂರಿಸುವರು. ರಂಗೋಲಿಯ ನೆನಪಾಗುವುದು ಸಹಜ; ಆದರೆ ಇದು ಅಂದಕ್ಕಾಗಿ ಬರೆದದ್ದಲ್ಲ. ಗಂಟೆಗಟ್ಟಲೆ ಕುಳಿತು ಬಿಡಿಸಿದ ಚಿತ್ರವನ್ನು ಕಾರ್ಯ ಮುಗಿದೊಡನೆ ಅಳಿಸಿ, ಆ ಮರಳನ್ನು ಹೊರಗೆ ಕೊಂಡೊಯ್ದು ಬಿಡುವರು.

ಕೊಡುವುದಕ್ಕೆ ಎಷ್ಟು ಕ್ರಿಯಾಪದ?

ಮಾತಿಗೆ ಇಷ್ಟು ಬೆಲೆ ಕೊಟ್ಟವರ ಭಾಷೆ ಹೇಗಿರುವುದೆಂದು ತಿಳಿಯುವ ಆಸೆ ಕನ್ನಡ ಪಾಠ ಹೇಳುವ ನನ್ನಂಥವನಿಗೆ ಇಲ್ಲದಿದ್ದೀತೆ? ಅದರ ವ್ಯಾಕರಣವನ್ನು ಓದುತ್ತ ಹೋದರೆ ಸೋಜಿಗವಾಗುತ್ತದೆ. ನಾವು ‘ಕೊಡು’ ಎಂಬ ಒಂದೇ ಧಾತುವಿನಲ್ಲಿ ಚೆಂಡನ್ನೂ ಕೊಡುತ್ತೇವೆ, ಕೋಲನ್ನೂ ಕೊಡುತ್ತೇವೆ, ಕಂಬಳಿಯನ್ನೂ ಕೊಡುತ್ತೇವೆ. ನವಾಹೋ ಭಾಷೆಯಲ್ಲಿ ಅದು ಸಾಗದು. ಗುಂಡಗೆ ಗಟ್ಟಿಯಾದ ವಸ್ತುವಿಗೆ ಒಂದು ಧಾತು, ಉದ್ದಕ್ಕೆ ಸೆಟೆದು ನಿಂತದ್ದಕ್ಕೆ ಮತ್ತೊಂದು, ಬಟ್ಟೆಯಂತೆ ಮಡಚಿಕೊಳ್ಳುವುದಕ್ಕೆ ಇನ್ನೊಂದು, ಪಾತ್ರೆಯಲ್ಲಿರುವ ಪದಾರ್ಥಕ್ಕೆ ಬೇರೊಂದು, ಹಗ್ಗದಂಥದಕ್ಕೆ, ಕೆಸರಿನಂಥದಕ್ಕೆ, ಪ್ರಾಣವುಳ್ಳದ್ದಕ್ಕೆ ಬೇರೆ ಬೇರೆ. ತಂಬಾಕು ಎಂಬ ನಾಮಪದ ಒಂದೇ ಇರಲಿ, ಕ್ರಿಯಾಪದವನ್ನು ಕೇಳಿದೊಡನೆಯೇ ಬಂದದ್ದು ಒಂದು ಚುಟ್ಟವೋ, ಒಂದು ಚೀಲವೋ, ಒಂದು ಹಿಡಿ ಪುಡಿಯೋ ತಿಳಿದುಹೋಗುತ್ತದೆ! ವಸ್ತುವನ್ನು ಕಣ್ಣಾರೆ ನೋಡದೆ ವಾಕ್ಯವನ್ನು ಮುಗಿಸಲು ಬಿಡದ ಭಾಷೆ ಇದು. ಆ ನಾಡಿನ ಮಗು ಮಾತು ಕಲಿಯುವಾಗಲೇ ನೋಟವನ್ನೂ ಕಲಿಯುವುದೆಂದು ನನಗೆ ತೋರುತ್ತದೆ.

ನಂಟಸ್ತಿಕೆಯ ಮಾತಂತೂ ಇನ್ನೂ ವಿಸ್ತಾರವಾದುದು. ಒಬ್ಬ ನವಾಹೋ ಅಪರಿಚಿತರೆದುರು ನಿಂತಾಗ ತನ್ನ ಉದ್ಯೋಗವನ್ನು ಮೊದಲು ಹೇಳುವುದಿಲ್ಲ. ತನ್ನ ನಾಲ್ಕು ಕುಲಗಳನ್ನು ಹೇಳುತ್ತಾನೆ: ತಾಯಿಯ ಕುಲ, ತಂದೆಯ ಕುಲ, ತಾಯಿಯ ತಂದೆಯ ಕುಲ, ತಂದೆಯ ತಂದೆಯ ಕುಲ. ತಾಯಿಯ ಕುಲವೇ ಅವನದು, ಅದರೊಳಗೆ ಮದುವೆಯಿಲ್ಲ. ಹೇಳಿ ಮುಗಿಸುವಷ್ಟರಲ್ಲಿ ಎದುರಿಗಿದ್ದವನು ಅಣ್ಣನೋ, ಅಜ್ಜನೋ, ಸೋದರಮಾವನೋ ಆಗಿಬಿಡುವುದುಂಟು. ‘ಕೇ’ ಎಂಬ ಚಿಕ್ಕ ಪದದಲ್ಲಿ ಈ ಬಾಂಧವ್ಯವೆಲ್ಲ ಅಡಗಿದೆ. ಯಾರಾದರೂ ಕೆಟ್ಟ ಕೆಲಸ ಮಾಡಿದರೆ ಆ ಜನ, ನಂಟರೇ ಇಲ್ಲದವನಂತೆ ನಡೆದುಕೊಂಡ ಎನ್ನುವರು. ಅದಕ್ಕಿಂತ ಕಠಿನವಾದ ಬೈಗುಳ ಬೇಕೆ?

ಗಡೀಪಾರು ಮತ್ತು ಸಾಬೂನು

ಈ ಜಗತ್ತಿನ ಮೇಲೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು 1863-64ರಲ್ಲಿ. ಕಿಟ್ ಕಾರ್ಸನ್ ಎಂಬವನ ನೇತೃತ್ವದಲ್ಲಿ ಅಮೆರಿಕದ ಸೈನ್ಯ ಅವರ ಜೋಳದ ಹೊಲಗಳನ್ನು ಸುಟ್ಟಿತು, ಕುರಿಗಳನ್ನು ಕೊಂದಿತು. ಕ್ಯಾನ್ಯನ್ ಡಿ ಶೇ ಕಣಿವೆಯಲ್ಲಿದ್ದ ಪೀಚ್ ಹಣ್ಣಿನ ತೋಟಗಳೂ ಸೈನಿಕರ ಕೊಡಲಿಗೆ ಬಿದ್ದವು. ಹಸಿವಿನಿಂದ ಶರಣಾದ ಎಂಟು ಸಾವಿರಕ್ಕೂ ಹೆಚ್ಚು ಜನರನ್ನು ಮುನ್ನೂರು ಮೈಲಿಗೂ ಆಚೆಯ ಬಾಸ್ಕ್ ರೆಡೊಂಡೊ ಎಂಬ ಬಯಲಿಗೆ ನಡೆಸಿಕೊಂಡು ಹೋದರು. ನೀರು ಉಪ್ಪು, ಬೆಳೆಗೆ ಹುಳು, ಉರಿಸಲು ಸೌದೆಯಿಲ್ಲ. ನಾಲ್ಕು ವರ್ಷಗಳಲ್ಲಿ ಎರಡು ಸಾವಿರಕ್ಕೂ ಮಿಕ್ಕು ಮಂದಿ ಮಡಿದರು. ‘ಹ್ವೇಲ್ದಿ’ ಎಂದು ಕರೆಯುವ ಆ ಸ್ಥಳದ ಮಾತೆತ್ತಲು ಅನೇಕ ಹಿರಿಯರು ಬಹುಕಾಲ ಹಿಂಜರಿಯುತ್ತಿದ್ದರು. ನುಡಿದರೆ ಅದು ಮರುಕಳಿಸೀತೆಂಬ ಅಳುಕು.

1868ರ ಮೇ ತಿಂಗಳಲ್ಲಿ ಸಂಧಾನಕ್ಕೆಂದು ಜನರಲ್ ಷರ್ಮನ್ ಅಲ್ಲಿಗೆ ಬಂದ. ಅವರನ್ನು ಇನ್ನೂ ದೂರದ ಮೂಡಣ ಸೀಮೆಗೆ ಕಳುಹಿಸುವ ಯೋಚನೆಯೂ ಅವನ ಮನಸ್ಸಿನಲ್ಲಿತ್ತು. ದಿನೆಗಳ ಪರವಾಗಿ ಮಾತಾಡಿದವನು ಬಾರ್ಬನ್ಸಿಟೊ ಎಂಬ ಮುಖಂಡ. ಅವನ ಮಾತನ್ನು ಒಬ್ಬ ನವಾಹೋದಿಂದ ಸ್ಪ್ಯಾನಿಷಿಗೂ, ಇನ್ನೊಬ್ಬ ಸ್ಪ್ಯಾನಿಷಿನಿಂದ ಇಂಗ್ಲಿಷಿಗೂ ತಿರುಗಿಸಬೇಕಾಗಿತ್ತು. ಅವನ ವಾದದಲ್ಲಿ ಸೈನ್ಯದ ಮಾತಿಲ್ಲ, ಪರಿಹಾರದ ಮಾತಿಲ್ಲ. ಸೃಷ್ಟಿಯಾದಾಗಲೇ ತಮಗೆ ನಾಲ್ಕು ಬೆಟ್ಟಗಳನ್ನೂ ನಾಲ್ಕು ಹೊಳೆಗಳನ್ನೂ ತೋರಿಸಿ, ಇವುಗಳ ಒಳಗೆ ಬಾಳಿರೆಂದು ವಿಧಿಸಲಾಗಿದೆ. ಆ ಎಲ್ಲೆಯನ್ನು ದಾಟಿದ್ದೇ ಈ ಸಾವುಗಳಿಗೆ ಕಾರಣ ಎಂದು ಅವನು ತಿಳಿಸಿದ. ಎರಡು ಭಾಷೆ ದಾಟಿ ಬಂದರೂ ಆ ಮಾತು ತನ್ನ ಬಲವನ್ನು ಕಳೆದುಕೊಳ್ಳಲಿಲ್ಲ. ಜೂನ್ 1ರಂದು ಒಪ್ಪಂದಕ್ಕೆ ಸಹಿಯಾಗಿ ಜನ ತಮ್ಮ ನೆಲಕ್ಕೆ ಹಿಂತಿರುಗಿದರು. ಬುಡಕಟ್ಟಿನವರನ್ನು ನೆಲದಿಂದ ಕಿತ್ತು ಅಟ್ಟಿದ ಕಥೆಗಳು ಅಮೆರಿಕದಲ್ಲಿ ನೂರಾರು. ಹೀಗೆ ಮರಳಿ ಪಡೆದ ಕಥೆ ಬಹಳ ಅಪರೂಪ.

ಆದರೆ ಅದೇ ಒಪ್ಪಂದದಲ್ಲಿ ಇನ್ನೊಂದು ವಿಧಿಯಿತ್ತು: ಆರರಿಂದ ಹದಿನಾರು ವರ್ಷದ ಮಕ್ಕಳನ್ನು ಶಾಲೆಗೆ ಕಳುಹಿಸತಕ್ಕದ್ದು, ಮೂವತ್ತು ಮಕ್ಕಳಿಗೆ ಒಬ್ಬ ಉಪಾಧ್ಯಾಯನನ್ನು ಸರಕಾರ ಒದಗಿಸತಕ್ಕದ್ದು. ಓದು ಕಲಿಸುವುದು ಒಳ್ಳೆಯದೇ ತಾನೆ ಎನಿಸೀತು. ಮುಂದಿನ ದಶಕಗಳಲ್ಲಿ ಆ ವಿಧಿ ತಾಳಿದ ರೂಪ ಮಾತ್ರ ಘೋರ. ದೂರದ ವಸತಿಶಾಲೆಗಳಲ್ಲಿ ಮಕ್ಕಳ ಕೂದಲನ್ನು ಕತ್ತರಿಸಿದರು, ಹೆಸರನ್ನು ಬದಲಿಸಿದರು. ಮನೆಮಾತು ಆಡಿದ ಮಗುವಿನ ಬಾಯಿಯನ್ನು ಸಾಬೂನಿನಿಂದ ತೊಳೆಸಿದರು. ಮಾತಿನಿಂದಲೇ ಜಗತ್ತು ಆಯಿತೆಂದು ನಂಬಿದವರ ಮಗುವಿಗೆ ಇದಕ್ಕಿಂತ ಹೆಚ್ಚಿನ ಶಿಕ್ಷೆ ಯಾವುದಿದ್ದೀತು?

ವಿಧಿಯ ವಿಡಂಬನೆಯೆಂದರೆ, ಹೀಗೆ ತೊಳೆಯಲಾಗಿದ್ದ ನಾಲಗೆಗಳೇ ಮುಂದೆ ಅದೇ ಸರಕಾರಕ್ಕೆ ಬೇಕಾದವು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ಅಮೆರಿಕದ ಅನೇಕ ಗುಪ್ತಸಂದೇಶಗಳನ್ನು ಬಿಡಿಸುತ್ತಿದ್ದಾಗ, 1942ರಲ್ಲಿ 29 ಮಂದಿ ನವಾಹೋ ತರುಣರು ನೌಕಾಪದಾತಿ ದಳವನ್ನು ಸೇರಿ, ತಮ್ಮ ಭಾಷೆಯಲ್ಲಿಯೇ ಒಂದು ಸಂಕೇತಕೋಶವನ್ನು ರಚಿಸಿದರು. ಟ್ಯಾಂಕಿಗೆ ‘ಆಮೆ’, ಜಲಾಂತರ್ಗಾಮಿಗೆ ‘ಕಬ್ಬಿಣದ ಮೀನು’, ಕೈಬಾಂಬಿಗೆ ‘ಆಲೂಗಡ್ಡೆ’. ಅಮೆರಿಕಕ್ಕೆ ಇಟ್ಟ ಹೆಸರು ‘ನಮ್ಮ ತಾಯಿ’. ಮುಂದೆ ಅವರ ಸಂಖ್ಯೆ ಸುಮಾರು ನಾನೂರಕ್ಕೆ ಏರಿತು. ಈವೋ ಜೀಮಾ ದ್ವೀಪದ ಕಾಳಗದ ಮೊದಲ ಎರಡು ದಿನಗಳಲ್ಲಿ ಆರು ಮಂದಿ ಎಂಟುನೂರಕ್ಕೂ ಹೆಚ್ಚು ಸಂದೇಶಗಳನ್ನು ಒಂದೂ ತಪ್ಪಿಲ್ಲದೆ ರವಾನಿಸಿದರಂತೆ. ಪದ ತಪ್ಪದೆ ಹಾಡಬೇಕೆಂಬ ಸಂಪ್ರದಾಯದಲ್ಲಿ ಬೆಳೆದವರಿಗೆ ಅದು ಒಗ್ಗಿಬಂದ ವಿದ್ಯೆ. ಯುದ್ಧ ಮುಗಿಸಿ ಬಂದಾಗ ಇವರಿಗೆ ತಮ್ಮ ಸಂಸ್ಥಾನಗಳಲ್ಲಿ ಮತ ಹಾಕುವ ಹಕ್ಕೂ ಇರಲಿಲ್ಲ. ಅರಿಜೋನಾ, ನ್ಯೂ ಮೆಕ್ಸಿಕೋಗಳಲ್ಲಿ ಅದು ದೊರೆತದ್ದು 1948ರಲ್ಲಿ. ಸಂಕೇತದ ಗುಟ್ಟು ಬಯಲಾದದ್ದು 1968ರಲ್ಲಿ, ಆ ಮೊದಲ 29 ಮಂದಿಗೆ ಚಿನ್ನದ ಪದಕ ಬಂದದ್ದು 2001ರಲ್ಲಿ. ಆ ವೇಳೆಗೆ ಅವರಲ್ಲಿ ಬಹುಮಂದಿ ತೀರಿಕೊಂಡಿದ್ದರು. ಮರಳಿ ಬಂದ ಯೋಧರ ಕೆಟ್ಟ ಕನಸುಗಳಿಗೆ ಮದ್ದಾಗಿ ಒದಗಿದ್ದು ‘ಶತ್ರುಮಾರ್ಗ’ವೆಂಬ ಹಳೆಯ ಹಾಡಿನ ಮಾಲೆಯೇ.

ವೈದ್ಯರ ಮಾತು, ಹಾಡುವವರ ಮಾತು

ಹೊಸದನ್ನೆಲ್ಲ ದೂರವಿಡುವ ಜನ ಇವರೆಂದು ಭಾವಿಸಬಾರದು. ಆನಿ ವಾನೆಕಾ ಎಂಬ ಮಹಿಳೆಯ (1910-1997) ಬಾಳು ಇದಕ್ಕೆ ನಿದರ್ಶನ. 1950ರ ದಶಕದಲ್ಲಿ ಕ್ಷಯರೋಗ ಆ ನಾಡನ್ನು ತಿನ್ನುತ್ತಿದ್ದಾಗ ಆಕೆ ಶಾಸನಸಭೆಯ ಸದಸ್ಯೆಯಾಗಿ, ಹೋಗನಿನಿಂದ ಹೋಗನಿಗೆ ತಿರುಗಿ, ರೋಗವೆಂದರೇನೆಂದು ಜನರಿಗೆ ಅವರ ನುಡಿಯಲ್ಲಿ ತಿಳಿಹೇಳಿದರು. ಹತಾಲಿಗಳನ್ನು ಮೂದಲಿಸದೆ, ಅವರನ್ನೂ ಜತೆಗೆ ಕರೆದುಕೊಂಡರು. ವೈದ್ಯಶಾಸ್ತ್ರದ ಇಂಗ್ಲಿಷ್ ಶಬ್ದಗಳಿಗೆ ನವಾಹೋ ಪದಕೋಶವನ್ನೂ ಸಿದ್ಧಪಡಿಸಿದರು. 1963ರಲ್ಲಿ ಅಮೆರಿಕದ ಅಧ್ಯಕ್ಷರ ಸ್ವಾತಂತ್ರ್ಯ ಪದಕ ಅವರಿಗೆ ಸಂದಿತು.

ಆದರೂ ಎರಡು ವಿದ್ಯೆಗಳು ಮುಖಾಮುಖಿಯಾಗಿ ತೊಡಕುವ ಎಡೆಯೊಂದಿದೆ. ಇಂದಿನ ವೈದ್ಯಧರ್ಮದ ಪ್ರಕಾರ ರೋಗಿಗೆ ಎಲ್ಲವನ್ನೂ ಹೇಳಬೇಕು: ಈ ಶಸ್ತ್ರಚಿಕಿತ್ಸೆಯಲ್ಲಿ ಪ್ರಾಣ ಹೋಗಲೂಬಹುದು, ಈ ವ್ಯಾಧಿ ಹೀಗೆ ಹೀಗೆ ಮುಗಿಯಬಹುದು, ಎಂದು. ನವಾಹೋ ರೋಗಿಗೆ ಅದು ಎಚ್ಚರಿಕೆಯಲ್ಲ, ಶಾಪ. 1995ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅನೇಕರು ಇದನ್ನೇ ಸ್ಪಷ್ಟವಾಗಿ ಹೇಳಿದರು. ಒಳ್ಳೆಯದನ್ನು ಆಲೋಚಿಸಿ, ಒಳ್ಳೆಯದನ್ನು ನುಡಿಯಬೇಕಾದವನೇ ವೈದ್ಯ ಎಂಬುದು ಅವರ ನಿಲುವು. ಹಾಗಾದರೆ ಅಪಾಯವನ್ನು ಮುಚ್ಚಿಡಬೇಕೆ? ಮುಚ್ಚಿಟ್ಟರೆ ಕಾನೂನಿನ ತೊಡಕು. ಹೇಳಿದರೆ ಮನಸ್ಸಿನ ಗಾಯ. ‘ಇಂಥ ಒಬ್ಬರಿಗೆ ಹೀಗಾಗುವುದುಂಟು’ ಎಂದು ಮೂರನೆಯವರ ಮೇಲಿಟ್ಟು ಹೇಳುವುದು ಅಲ್ಲಿಯವರು ಕಂಡುಕೊಂಡ ಒಂದು ದಾರಿ. ವಿದ್ಯಾವಂತರಾದ ನಾವು ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವ ಮೊದಲು, ಆಸ್ಪತ್ರೆಯಲ್ಲಿ ಮಲಗಿದ ನಮ್ಮವರ ಮುಂದೆ ನಾವೇ ಎಷ್ಟು ಮಾತನ್ನು ನುಂಗಿಕೊಳ್ಳುತ್ತೇವೆಂದು ನೆನೆದರೆ ಸಾಕು. ಚಿನ್ಲಿ ಎಂಬ ಊರಿನ ಸರಕಾರಿ ಆಸ್ಪತ್ರೆಯಲ್ಲಿ ಸ್ಥಳೀಯ ವೈದ್ಯಕ್ಕೆಂದೇ ಒಂದು ವಿಭಾಗವನ್ನು ತೆರೆದಿರುವರು.

ಹಿರಿಯರ ಮಾತು ವಿಜ್ಞಾನಕ್ಕೆ ನೆರವಾದ ಪ್ರಸಂಗವೂ ಉಂಟು. 1993ರಲ್ಲಿ ಆ ಪ್ರದೇಶದಲ್ಲಿ ಗಟ್ಟಿಮುಟ್ಟಾದ ತರುಣರು ಹಠಾತ್ತನೆ ಉಸಿರುಕಟ್ಟಿ ಸಾಯತೊಡಗಿದಾಗ, ಮಳೆ ಹೆಚ್ಚಾಗಿ ಪಿನ್ಯೋನ್ ಬೀಜ ಸಮೃದ್ಧವಾದ ವರ್ಷ ಇಲಿಗಳು ಹೆಚ್ಚುವುವು, ಇಲಿ ಹೆಚ್ಚಿದರೆ ಈ ಸಾವು ಬರುವುದು ಎಂದು ಮುದುಕರು ಹೇಳಿದರು. ಇಲಿ ಮುಟ್ಟಿದ ಬಟ್ಟೆಯನ್ನು ಸುಡಬೇಕೆಂಬ ಕಟ್ಟಳೆ ಅವರಲ್ಲಿ ಮೊದಲಿನಿಂದಲೂ ಇತ್ತು. ಪ್ರಯೋಗಾಲಯದ ಪರೀಕ್ಷೆಯಲ್ಲಿ ಹ್ಯಾಂಟಾ ವೈರಸ್ ಸಿಕ್ಕಿದ್ದು ಕಾಡಿಲಿಯಲ್ಲಿಯೇ.

ಇನ್ನು ಹಳದಿ ಪುಡಿಯ ಕಥೆ. ಅವಳಿ ವೀರರು ಜಗತ್ತಿನ ರಾಕ್ಷಸರನ್ನೆಲ್ಲ ಕೊಂದು, ಹಸಿವು, ಮುಪ್ಪು ಮೊದಲಾದ ಕೆಲವನ್ನು ಮಾತ್ರ ಉಳಿಸಿದರೆಂದು ಪುರಾಣ. ಹಸಿವಿಲ್ಲದಿದ್ದರೆ ಅಡಿಗೆಗೆ ರುಚಿಯಿಲ್ಲ, ಮುಪ್ಪಿಲ್ಲದಿದ್ದರೆ ಮಕ್ಕಳಿಗೆ ಎಡೆಯಿಲ್ಲವಲ್ಲ! ಇನ್ನೊಂದು ಕಥೆಯಲ್ಲಿ ದೇವತೆಗಳು ಜನರ ಮುಂದೆ ಎರಡು ಹಳದಿ ಪುಡಿಗಳನ್ನಿಟ್ಟರಂತೆ: ಒಂದು ಜೋಳದ ಪರಾಗ, ಇನ್ನೊಂದು ಬಂಡೆಯೊಳಗಿನದು. ಜನ ಪರಾಗವನ್ನು ಆರಿಸಿಕೊಂಡರು. ಬಂಡೆಯದು ನೆಲದಲ್ಲೇ ಇರಲಿ, ತೆಗೆದರೆ ಕೇಡು, ಎಂದು ದೇವತೆಗಳು ಹೇಳಿದರು. 1944ರಿಂದ 1986ರವರೆಗೆ ಆ ನೆಲದಿಂದ ಸುಮಾರು ಮೂರು ಕೋಟಿ ಟನ್ ಯುರೇನಿಯಂ ಅದಿರನ್ನು ಅಗೆದು ತೆಗೆದರು. ಮುಖಕ್ಕೆ ಮರೆಯಿಲ್ಲದೆ ಗಣಿಗಿಳಿದವರು ಶ್ವಾಸಕೋಶದ ಕ್ಯಾನ್ಸರಿಗೆ ತುತ್ತಾದರು. 1979ರ ಜುಲೈ 16ರಂದು ಚರ್ಚ್ ರಾಕ್ ಎಂಬಲ್ಲಿ ಕಟ್ಟೆಯೊಡೆದು ವಿಷದ ನೀರು ಹೊಳೆಗೆ ನುಗ್ಗಿತು. ಮುಚ್ಚದೆ ಬಿಟ್ಟುಹೋದ ಗಣಿಗಳು ಐನೂರಕ್ಕೂ ಮಿಕ್ಕಿವೆ. ಯುರೇನಿಯಮ್ಮಿಗೆ ಅವರ ಮಾತಿನಲ್ಲಿ ‘ಲೇತ್ಸೋ’ ಎಂಬ ಹೆಸರು. ಹಳದಿ ರಾಕ್ಷಸ ಎಂದೂ ಅದನ್ನು ಅರ್ಥೈಸುವರು. 2005ರಲ್ಲಿ ಅವರ ಶಾಸನಸಭೆ ಆ ಗಣಿಗಾರಿಕೆಯನ್ನೇ ನಿಷೇಧಿಸಿತು.

ಆರಿದ್ದು ಯಾವುದು, ಉಳಿದದ್ದು ಯಾವುದು

ಇಷ್ಟನ್ನು ತಡೆದುಕೊಂಡ ಮಾತು ಈಗ ಮನೆಯೊಳಗೇ ಸೊರಗುತ್ತಿದೆ. 1970ರ ಸುಮಾರಿನಲ್ಲಿ ಶಾಲೆಗೆ ಬರುವ ಆರು ವರ್ಷದ ಮಕ್ಕಳಲ್ಲಿ ಬಹುಪಾಲು ನವಾಹೋ ಆಡುತ್ತಿದ್ದವು. ಇಂದು ಆಡಬಲ್ಲವರು ಸುಮಾರು ಒಂದೂವರೆ ಲಕ್ಷಕ್ಕೂ ಮೇಲಿದ್ದರೂ, ಅವರಲ್ಲಿ ಹೆಚ್ಚಿನವರು ನಡುವಯಸ್ಸಿನವರು, ಮುದುಕರು. ಸಾಬೂನಿನ ರುಚಿ ಕಂಡವರು ತಮ್ಮ ಮಕ್ಕಳಿಗೆ ಆ ಕಷ್ಟ ಬೇಡವೆಂದು ಇಂಗ್ಲಿಷಿನಲ್ಲೇ ಮಾತಾಡಿದರು. ರೇಡಿಯೋ, ದೂರದರ್ಶನ, ಪಟ್ಟಣದ ನೌಕರಿ ಉಳಿದುದನ್ನು ಮಾಡಿದವು. ಹಾಡುವವರ ಸಂಖ್ಯೆಯೂ ಇಳಿಯುತ್ತಿದೆ. ಅನುವಾದ ಮಾಡಿಕೊಂಡರಾಯಿತೆನ್ನಲು ಇಲ್ಲಿ ಬರುವುದಿಲ್ಲ, ಇಂಗ್ಲಿಷಿನಲ್ಲಿ ಹಾಡಿದರೆ ಆ ಹಾಡಿಗೆ ಗುಣವಿಲ್ಲ. ಹೋಸ್ಟೀನ್ ಕ್ಲಾ (1867-1937) ಎಂಬ ಪ್ರಸಿದ್ಧ ಹತಾಲಿಗೆ ಈ ಚಿಂತೆ ಮೊದಲೇ ಹತ್ತಿತ್ತು. ತಾನು ಕಲಿತದ್ದನ್ನು ಮುಂದುವರಿಸುವ ಶಿಷ್ಯನಿಲ್ಲದೆ ಆತ ತನ್ನ ಹಾಡುಗಳನ್ನು ಬರೆದುಕೊಳ್ಳಗೊಟ್ಟ; ಅಳಿಸಿಬಿಡಬೇಕಾದ ಮರಳುಚಿತ್ರಗಳನ್ನು ಕಂಬಳಿಗಳಲ್ಲಿ ನೇಯ್ದ. ಹಲವರು ಭಯಪಟ್ಟರು, ಹಲವರು ಕೋಪಿಸಿಕೊಂಡರು. ಆತ ಮೇರಿ ವೀಲ್‌ರೈಟ್ ಎಂಬ ಮಹಿಳೆಯೊಡನೆ ಸ್ಥಾಪಿಸಿದ ಸಾಂಟಾ ಫೇ ನಗರದ ವಸ್ತುಸಂಗ್ರಹಾಲಯ 1977ರಲ್ಲಿ ಕೆಲವು ಪವಿತ್ರ ಗಂಟುಗಳನ್ನು ನವಾಹೋ ಹತಾಲಿಗಳಿಗೇ ಹಿಂತಿರುಗಿಸಿತು.

ಶಾಲೆಯಿಂದ ಹೋದದ್ದನ್ನು ಶಾಲೆಯಿಂದಲೇ ತರಬೇಕೆಂಬ ಪ್ರಯತ್ನವೂ ನಡೆದಿದೆ. 1966ರಲ್ಲಿ ರಫ್ ರಾಕ್ ಎಂಬಲ್ಲಿ ಜನರೇ ಆಡಳಿತ ನಡೆಸುವ ಶಾಲೆ, 1968ರಲ್ಲಿ ಬುಡಕಟ್ಟಿನವರೇ ಸ್ಥಾಪಿಸಿದ ಅಮೆರಿಕದ ಮೊದಲ ಕಾಲೇಜು; ಅದಕ್ಕೆ ಈಗ ದಿನೆ ಕಾಲೇಜೆಂದು ಹೆಸರು. ಅಲ್ಲಿಯ ಶಿಕ್ಷಣಕ್ರಮವನ್ನು ನಾಲ್ಕು ದಿಕ್ಕುಗಳ ಮೇಲೆಯೇ ನಿಲ್ಲಿಸಿದ್ದಾರೆ: ಮೂಡಲಿಗೆ ಆಲೋಚನೆ, ತೆಂಕಲಿಗೆ ಯೋಜನೆ, ಪಡುವಲಿಗೆ ಬಾಳುವೆ, ಬಡಗಲಿಗೆ ಮನನ. ನಮ್ಮ ಕಾಲೇಜುಗಳಲ್ಲಿ ತೆಂಕಲನ್ನು ದಾಟಿದವರೇ ಕಡಮೆ! 2013ರ ಜುಲೈ 3ರಂದು ವಿಂಡೋ ರಾಕಿನಲ್ಲಿ ‘ಸ್ಟಾರ್ ವಾರ್ಸ್’ ಚಲಚ್ಚಿತ್ರವನ್ನು ನವಾಹೋ ಮಾತಿನಲ್ಲಿ ತೋರಿಸಿದಾಗ ಅಜ್ಜಿಯರೂ ಮೊಮ್ಮಕ್ಕಳೂ ಒಟ್ಟಿಗೆ ಕುಳಿತು ನೋಡಿದರು.

2014ರಲ್ಲಿ ಮಾತ್ರ ಪ್ರಶ್ನೆ ಕಟುವಾಗಿಯೇ ಎದ್ದಿತು. ಅಧ್ಯಕ್ಷ ಪದವಿಗೆ ನಿಂತ ಒಬ್ಬ ಅಭ್ಯರ್ಥಿ ಭಾಷಾಪರೀಕ್ಷೆಗೆ ಒಪ್ಪದಿರಲು ನ್ಯಾಯಾಲಯ ಆತನನ್ನು ಕಣದಿಂದ ತೆಗೆಯಿತು, ಚುನಾವಣೆಯೇ ಮುಂದಕ್ಕೆ ಹೋಯಿತು. ಮಾತು ಬಾರದವನು ನಮ್ಮ ನಾಯಕನೆ ಎಂದು ಹಿರಿಯರು. ಬಾರದಿರುವುದು ನಮ್ಮ ತಪ್ಪೆ ಎಂದು ಕಿರಿಯರು. 2015ರ ಜುಲೈಯಲ್ಲಿ ಜನಮತ ಕೇಳಿದಾಗ, ಅಭ್ಯರ್ಥಿಗೆ ನುಡಿ ಎಷ್ಟು ಬರಬೇಕೆಂಬುದನ್ನು ಮತದಾರರ ತೀರ್ಮಾನಕ್ಕೇ ಬಿಡಬೇಕೆಂಬ ಪಕ್ಷ ಅಲ್ಪ ಅಂತರದಿಂದ ಗೆದ್ದಿತು. ಇಬ್ಬರ ಮಾತಿನಲ್ಲಿಯೂ ನೋವಿದೆ, ನ್ಯಾಯವೂ ಇದೆ. ನನಗೆ ಕಿರಿಯರ ಪ್ರಶ್ನೆಯೇ ಹೆಚ್ಚು ನಾಟುತ್ತದೆ.

ಬೆಳೆದ ಊರು ಯಾವುದೇ ಇರಲಿ, ಮೈನೆರೆದ ಹುಡುಗಿ ಇಂದಿಗೂ ಅನೇಕ ಮನೆಗಳಲ್ಲಿ ಅಜ್ಜಿಯ ಹೋಗನಿಗೆ ಬಂದು, ನಾಲ್ಕು ದಿನ ಬೆಳಗಿನ ಜಾವ ಮೂಡಣದತ್ತ ಓಡುತ್ತಾಳೆ. ನೆಲದ ಗುಂಡಿಯಲ್ಲಿ ರಾತ್ರಿಯಿಡೀ ಬೆಂದ ದೊಡ್ಡ ಜೋಳದ ರೊಟ್ಟಿಯನ್ನು ಎಲ್ಲರಿಗೂ ಹಂಚುತ್ತಾಳೆ, ತಾನು ಮಾತ್ರ ತಿನ್ನುವುದಿಲ್ಲ. ಶಾಲೆಗಳಲ್ಲಿ ನರಿಯ ಕಥೆಗಳನ್ನೂ ದಾರದಾಟಗಳನ್ನೂ ಕಲಿಸುತ್ತಾರೆ. ಅವು ಚಳಿಗಾಲಕ್ಕೆ ಮಾತ್ರ ಸಲ್ಲತಕ್ಕವು. ಹಾವು ಕರಡಿಗಳು ಮಲಗಿರುವಾಗ ಹೇಳಬೇಕು. ಕಥೆಗಳು ಈಗ ಅಚ್ಚಾಗಿವೆ, ವರ್ಷವಿಡೀ ಕೈಗೆ ಸಿಗುತ್ತವೆ. ಆದರೂ ವಸಂತದ ಮೊದಲ ಗುಡುಗು ಕೇಳಿದೊಡನೆ ಎಷ್ಟೋ ಉಪಾಧ್ಯಾಯರು ಪುಸ್ತಕವನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ. ಉಳಿದ ಕಥೆಗಾಗಿ ಮಕ್ಕಳು ಮುಂದಿನ ಹಿಮದವರೆಗೆ ಕಾಯಬೇಕು.